ಬೊಮ್ಮಿಯ ಬಿಚ್ಚು ಹಗ್ಗ

ಹೂಂ ಅನ್ನುತ್ತ ಕೇಳಬೇಕು. ನಿಮ್ಮ ಹೂಂ ನಿಂತರೆ ನನ್ನ ಕಥೆಯೂ ನಿಲ್ಲುತ್ತದೆ.

ಒಬ್ಬಳು ಹುಡುಗಿ. ಹೆಸರು ಬೊಮ್ಮಿ. ಬೊಮ್ಮಿಗೊಬ್ಬಳು ಅಜ್ಜಿ. ಅಜ್ಜಿ ಹಗ್ಗ ಹೊಸೆಯುತ್ತಿದ್ದಳು. ಪುಂಡಿ ಗಿಡದ ನಾರಿನ ಎರಡು ಎಳೆ ತೊಡೆಯ ಮೇಲಿಟ್ಟು ಸರ್ರನೆ ಕೈ ಆಡಿಸುತ್ತಿದ್ದಳು. ಹಗ್ಗ ತಾನಾಗಿ ಇಳಿದು ಬರುತ್ತಿತ್ತು.

ಬೊಮ್ಮಿ ನೋಡಿದಳು. ಅಜ್ಜಿಯ ಕೈ ಮುಂದಕ್ಕೆ ಹೋಯಿತು. ಅದನ್ನು ನೋಡಿದಳು. ಅಷ್ಟರಲ್ಲಿ ಕಾಗೆ ಕೂಗಿತು. ಕಾಗೆಯನ್ನು ನೋಡಿದಳು. ಅಜ್ಜಿಯ ಕೈ ಆಮೇಲೆ ಏನು ಮಾಡಿತೋ, ಅದನ್ನು ನೋಡಲಿಲ್ಲ.

"ನನಗೂ ಬಂತು" ಅಂದಳು.

ನಾರು ತೆಗೆದುಕೊಂಡಳು. ಮುಂದಕ್ಕೆ ಹೊಸೆದಳು. ಮತ್ತೂ ಮುಂದಕ್ಕೆ ಹೊಸೆದಳು. ಒಂದು ಹಗ್ಗ ಆಯಿತು. ಅದನ್ನು ಅಜ್ಜಿಯ ಹಿತ್ತಾಳೆ ತಂಬಿಗೆಯ ಕೊರಳಿಗೆ ಕಟ್ಟಿದಳು. ಬಾವಿಗೆ ಬಿಟ್ಟಳು.

ಹಗ್ಗ ಗಿರಗಿರ ತಿರುಗಿತು. ಹಗ್ಗ ಬಿಚ್ಚಿತು. ಡುಬುಕ್! ತಂಬಿಗೆ ಹೋಯಿತು.

"ಭೇಷ್!" ಅಂದಳು ಅಜ್ಜಿ. "ನೀರು ತರಲು ಹೋಗಿ ತಂಬಿಗೆಯನ್ನೇ ಬಾವಿಗೆ ಕೊಟ್ಟು ಬಂದೆಯಾ? ತಂಬಿಗೆ ಮನೆಗೆ ಬರುವ ತನಕ ನೀನು ನನ್ನ ನಾರು ಮುಟ್ಟಬೇಡ."

ನಾರು ಮುಟ್ಟಬಾರದೆ? ಬೊಮ್ಮಿಗೆ ಹಗ್ಗ ಹೊಸೆಯಬೇಕಿತ್ತು. ಬೇರೇನೂ ಬೇಕಿರಲಿಲ್ಲ. ಕೈಯಲ್ಲಿ ಉಳಿದ ಹಗ್ಗವನ್ನು ಹಿಡಿದುಕೊಂಡು ಬಾವಿಗೆ ಹೋದಳು.

ಬಾವಿಯಲ್ಲಿ ಒಂದು ಕಪ್ಪೆ. ಅದು ಆಗಲೇ ತಂಬಿಗೆಯೊಳಗೆ ಹೊಕ್ಕು ಮನೆ ಮಾಡಿತ್ತು.

"ಕಪ್ಪೆ ಕಪ್ಪೆ, ತಂಬಿಗೆ ಕೊಡು. ಕುಣಿಕೆ ಬಿಡುತ್ತೇನೆ, ಅದರ ಕೊರಳಿಗೆ ಸಿಕ್ಕಿಸು."

"ಯಾವುದಕ್ಕೆ ಸಿಕ್ಕಿಸಲಿ? ಅದಕ್ಕೆ ಹಗ್ಗ ಅಂತಾರಾ?" ಅಂದಿತು ಕಪ್ಪೆ. "ಗಿರಗಿರ ತಿರುಗಿತು, ಸರಸರ ಬಿಚ್ಚಿತು! ಕೊಡುವುದಿಲ್ಲ, ಹೋಗು. ಬಿಚ್ಚು ಹಗ್ಗ!"

ಹುಟ್ಟಿದಾಗಿನಿಂದ ಬಾವಿ ಬಿಟ್ಟು ಮೇಲೆ ಬರದ ಕಪ್ಪೆ ಅದು. ಆದರೂ ಹಗ್ಗದ ವಿಷಯ ಅದಕ್ಕೆ ಗೊತ್ತಂತೆ.

ಬೊಮ್ಮಿ ಕೇರೆ ಹಾವಿನ ಹತ್ತಿರ ಹೋದಳು. ಹಾವು ಬೇಲಿಯ ಬುಡದಲ್ಲಿ ಬಿಸಿಲು ಕಾಯಿಸುತ್ತಿತ್ತು.

"ಹಾವೇ ಹಾವೇ, ಕಪ್ಪೆಯನ್ನು ಬೆದರಿಸು. ಕಪ್ಪೆ ತಂಬಿಗೆ ಕೊಡಲೊಲ್ಲದು."

ಹಾವು ಬೊಮ್ಮಿಯ ಹಗ್ಗವನ್ನು ಮೇಲಿಂದ ಕೆಳಗೆ ನೋಡಿತು. ಹಾವಿಗೆ ಉದ್ದನೆಯ ಯಾವುದನ್ನು ಕಂಡರೂ ಹೊಟ್ಟೆಯುರಿ.

"ಥೂ! ಇಲ್ಲಿ ದಪ್ಪ, ಅಲ್ಲಿ ಸಣ್ಣ. ಇಲಿ ನುಂಗಿ ಮಲಗಿದ ನನ್ನ ತಮ್ಮನ ಹಾಗಿದೆ. ನಾನು ಬೆದರಿಸುವುದಿಲ್ಲ, ಹೋಗು. ಉಬ್ಬು ಹಗ್ಗ, ಬಿಚ್ಚು ಹಗ್ಗ!"

ಬೊಮ್ಮಿ ನವಿಲಿನ ಹತ್ತಿರ ಹೋದಳು. ಬೊಮ್ಮಿ ಹೋಗುವ ಮೊದಲೇ ಅಣಕ ಹೋಗಿ ಮುಟ್ಟಿತ್ತು. ಅಣಕಕ್ಕೆ ಕಾಲು ಬಹಳ.

"ನವಿಲೇ ನವಿಲೇ, ಹಾವನ್ನು ಅಟ್ಟು. ಹಾವು ಕಪ್ಪೆಯನ್ನು ಬೆದರಿಸಲೊಲ್ಲದು. ಕಪ್ಪೆ ತಂಬಿಗೆ ಕೊಡಲೊಲ್ಲದು."

ನವಿಲು ಗರಿ ಕೊಡವಿತು. ಕೊಕ್ಕಿನಿಂದ ಹಗ್ಗವನ್ನು ಕುಕ್ಕಿತು. ಚಟ್! ಒಂದು ನಾರು ಮುರಿಯಿತು.

"ನೋಡು! ನಾರಿಗೆ ಒಂದು ಹನಿ ನೀರು ತೋರಿಸಿಲ್ಲ. ಮೈ ನೆನೆಯದೆ ನಾನೇ ಬಳುಕುವುದಿಲ್ಲ, ನಿನ್ನ ನಾರು ಬಳುಕೀತೆ? ನಾನು ಅಟ್ಟುವುದಿಲ್ಲ, ಹೋಗು. ಒಣಕಲು ಹಗ್ಗ, ಉಬ್ಬು ಹಗ್ಗ, ಬಿಚ್ಚು ಹಗ್ಗ!"

ಬೊಮ್ಮಿ ಗೌಡರ ನಾಯಿಯ ಹತ್ತಿರ ಹೋದಳು. ನಾಯಿ ಗೌಡರ ಅಂಗಳದಲ್ಲಿ ಬಿದ್ದುಕೊಂಡಿತ್ತು.

"ನಾಯೀ ನಾಯೀ, ನವಿಲನ್ನು ಓಡಿಸು. ನವಿಲು ಹಾವನ್ನು ಅಟ್ಟಲೊಲ್ಲದು. ಹಾವು ಕಪ್ಪೆಯನ್ನು ಬೆದರಿಸಲೊಲ್ಲದು. ಕಪ್ಪೆ ತಂಬಿಗೆ ಕೊಡಲೊಲ್ಲದು."

ನಾಯಿ ಒಂದು ಕಣ್ಣು ತೆರೆಯಿತು. ಎರಡನೆಯದನ್ನು ತೆರೆಯುವಷ್ಟು ಮರ್ಯಾದೆ ಕೊಡಲಿಲ್ಲ.

"ಏನದು? ಮೈತುಂಬ ಎದ್ದು ನಿಂತ ಜುಂಗು! ಅದಕ್ಕಿಂತ ನನ್ನ ಬಾಲ ವಾಸಿ. ಹೊಸೆಯುವ ಮೊದಲು ನಾರು ಬಾಚಬೇಕು ಅಂತ ನಾಯಿಗೂ ಗೊತ್ತು. ನಾನು ಓಡಿಸುವುದಿಲ್ಲ, ಹೋಗು. ಜುಂಗು ಹಗ್ಗ, ಒಣಕಲು ಹಗ್ಗ, ಉಬ್ಬು ಹಗ್ಗ, ಬಿಚ್ಚು ಹಗ್ಗ!"

ಆ ನಾಯಿ ತನ್ನ ಬಾಲವನ್ನು ಎಂದೂ ಬಾಚಿಕೊಂಡಿರಲಿಲ್ಲ. ಇರಲಿ.

ಬೊಮ್ಮಿ ಗೌಡರ ಹತ್ತಿರ ಹೋದಳು. ಗೌಡರು ಜಗಲಿಯ ಮೇಲೆ ಹೊರಸಿನಲ್ಲಿದ್ದರು. ಹಗ್ಗ ಹೆಣೆದ ಮಂಚವೇ ಹೊರಸು. ಗೌಡರ ಹೊರಸಿನ ಹಗ್ಗ ನಡುವೆ ಹರಿದು ಗುಂಡಿಯಾಗಿತ್ತು. ಗೌಡರು ಗುಂಡಿಯೊಳಗೆ ಕೂತುಬಿಟ್ಟಿದ್ದರು. ಮೊಣಕಾಲು ಮೇಲೆ, ಕುಂಡೆ ಕೆಳಗೆ. ಏಳಲು ಬರುತ್ತಿರಲಿಲ್ಲ. ಮೀಸೆ ಮಾತ್ರ ನೆಟ್ಟಗೆ ನಿಂತಿತ್ತು.

"ಗೌಡರೇ ಗೌಡರೇ, ನಾಯಿಯನ್ನು ಗದರಿಸಿ. ನಾಯಿ ನವಿಲನ್ನು ಓಡಿಸಲೊಲ್ಲದು. ನವಿಲು ಹಾವನ್ನು ಅಟ್ಟಲೊಲ್ಲದು. ಹಾವು ಕಪ್ಪೆಯನ್ನು ಬೆದರಿಸಲೊಲ್ಲದು. ಕಪ್ಪೆ ತಂಬಿಗೆ ಕೊಡಲೊಲ್ಲದು."

"ಇದಾ ನಿನ್ನ ಹಗ್ಗ?" ಗೌಡರು ಗುಂಡಿಯೊಳಗಿಂದಲೇ ನಕ್ಕರು. "ನನ್ನ ಮೀಸೆ ಇದಕ್ಕಿಂತ ಉದ್ದ ಇದೆಯಲ್ಲವ್ವಾ! ಗಿಡ್ಡ ಹಗ್ಗ, ಜುಂಗು ಹಗ್ಗ, ಒಣಕಲು ಹಗ್ಗ, ಉಬ್ಬು ಹಗ್ಗ, ಬಿಚ್ಚು ಹಗ್ಗ! ಮೊದಲು ನನ್ನ ಹೊರಸು ಹೆಣೆದು ಕೊಡು, ಆಮೇಲೆ ನಾಯಿಯ ಮಾತು. ತಗೋ, ನಾರು ಬೇಕಾದರೆ ಈ ಹರಕು ಹಗ್ಗ ಬಿಚ್ಚಿಕೋ."

ಗೌಡರು ಹೇಳಿದ್ದು ತಮಾಷೆಗೆ. ಬೊಮ್ಮಿ ಅಲ್ಲೇ ಕೂತುಬಿಟ್ಟಳು.

ಹರಕು ಹಗ್ಗ ಬಿಚ್ಚಿ ನಾರು ಮಾಡಿದಳು. ತನ್ನ ಹಗ್ಗವನ್ನೂ ಬಿಚ್ಚಿ ಅದಕ್ಕೆ ಸೇರಿಸಿದಳು.

ಗೌಡರು ಗಿಡ್ಡ ಅಂದಿದ್ದರು. ನಾರಿಗೆ ನಾರು ಕೂಡಿಸಿ ಉದ್ದ ಮಾಡಿದಳು.

ನಾಯಿ ಜುಂಗು ಅಂದಿತ್ತು. ನಾರನ್ನು ಬಾಚಿದಳು.

ನವಿಲು ಒಣಕಲು ಅಂದಿತ್ತು. ನಾರನ್ನು ನೆನೆಸಿದಳು.

ಹಾವು ಉಬ್ಬು ಅಂದಿತ್ತು. ಎರಡೂ ಎಳೆಯನ್ನು ಒಂದೇ ದಪ್ಪ ಮಾಡಿದಳು.

ಕಪ್ಪೆ ಬಿಚ್ಚು ಅಂದಿತ್ತು. ಅದಕ್ಕೇನು ಮಾಡಬೇಕು? ಗೊತ್ತಾಗಲಿಲ್ಲ.

ಮುಂದಕ್ಕೆ ಹೊಸೆದಳು. ಮತ್ತೂ ಮುಂದಕ್ಕೆ ಹೊಸೆದಳು. ಹಗ್ಗ ಆಯಿತು. ಉದ್ದ ಇತ್ತು. ನುಣುಪಾಗಿತ್ತು. ಬಳುಕುತ್ತಿತ್ತು. ಸಮ ಇತ್ತು. ಹೊರಸಿನ ಕಾಲಿಗೆ ಕಟ್ಟಿ ಎಳೆದಳು.

ಹಗ್ಗ ಗಿರಗಿರ ತಿರುಗಿತು. ಹಗ್ಗ ಬಿಚ್ಚಿತು. ದೊಪ್! ಬೊಮ್ಮಿ ಬಿದ್ದಳು.

"ಬಿಚ್ಚು ಹಗ್ಗ!" ಅಂದರು ಗೌಡರು. "ಬಿಚ್ಚು ಹಗ್ಗ!" ಅಂದಿತು ನಾಯಿ.

ಬೊಮ್ಮಿಯ ಮೂಗು ಸೋರಿತು. ಲಂಗದ ಅಂಚಿನಿಂದ ಒರೆಸಿಕೊಂಡಳು. ಗೌಡರ ಹರಕು ಹಗ್ಗದ ಒಂದು ತುಂಡು ಇನ್ನೂ ಬಿಚ್ಚದೆ ಉಳಿದಿತ್ತು. ಅದನ್ನು ಕೈಗೆತ್ತಿಕೊಂಡಳು. ಈ ಸಲ ಮೆಲ್ಲಗೆ ಬಿಚ್ಚಿದಳು. ಈ ಸಲ ಕಾಗೆ ಕೂಗಿದರೂ ಅತ್ತ ನೋಡಲಿಲ್ಲ.

ಒಂದೊಂದು ಎಳೆಯೂ ಮುಂದಕ್ಕೆ ತಿರುಗಿತ್ತು. ಎರಡೂ ಕೂಡಿದ ಹಗ್ಗ ಹಿಂದಕ್ಕೆ ತಿರುಗಿತ್ತು.

"ಓಹೋ!" ಅಂದಳು ಬೊಮ್ಮಿ. "ಮುಂದಕ್ಕೆ ಹೊಸೆದ ಎಳೆ ಬಿಚ್ಚಿಕೊಳ್ಳಲು ಹಿಂದಕ್ಕೆ ಓಡುತ್ತದೆ. ಓಡಲಿ. ಒಂದರ ಮೇಲೊಂದು ಓಡಲಿ. ಆಗ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ."

ಮತ್ತೆ ಕೂತಳು. ಎಳೆಗಳನ್ನು ಮುಂದಕ್ಕೆ ಹೊಸೆದಳು. ಎರಡನ್ನೂ ಕೂಡಿಸಿ ಹಿಂದಕ್ಕೆ ತಿರುವಿದಳು. ಮುಂದಕ್ಕೆ ಹೊಸೆದಳು, ಹಿಂದಕ್ಕೆ ತಿರುವಿದಳು. ಮುಂದಕ್ಕೆ, ಹಿಂದಕ್ಕೆ. ಮುಂದಕ್ಕೆ, ಹಿಂದಕ್ಕೆ.

ಹೊರಸಿನ ಕಾಲಿಗೆ ಕಟ್ಟಿ ಎಳೆದಳು. ಜೋತುಬಿದ್ದು ಎಳೆದಳು.

ಹಗ್ಗ ತಿರುಗಲಿಲ್ಲ. ಹಗ್ಗ ಬಿಚ್ಚಲಿಲ್ಲ.

ನಾಯಿ ಎರಡನೆಯ ಕಣ್ಣನ್ನೂ ತೆರೆಯಿತು.

ಬೊಮ್ಮಿ ಗೌಡರ ಕೈ ಹಿಡಿದು ಗುಂಡಿಯಿಂದ ಎಳೆದಳು. ಗುಂಡಿಯನ್ನು ಹೆಣೆದು ಮುಚ್ಚಿದಳು. ಗೌಡರು ಅದರ ಮೇಲೆ ಕೂತರು. ಹೊರಸು ಕಿರ್ರೆಂದಿತು, ಜಗ್ಗಲಿಲ್ಲ.

"ನೀನು ಜಾಣೆ ಅಂತ ನಾನು ಆಗಲೇ ಹೇಳಲಿಲ್ಲವೇನವ್ವಾ?" ಅಂದರು ಗೌಡರು.

ಹೇಳಿರಲಿಲ್ಲ. ಬೊಮ್ಮಿ ಉಳಿದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನಿಂತಳು. ಆಗ ನೋಡಿ,

ಗೌಡರು ನಾಯಿಯನ್ನು ಗದರಿಸಿದರು. ನಾಯಿ ನವಿಲನ್ನು ಓಡಿಸಿತು. ನವಿಲು ಹಾವನ್ನು ಅಟ್ಟಿತು. ಹಾವು ಬಾವಿಗಿಳಿದು ಕಪ್ಪೆಯನ್ನು ಬೆದರಿಸಿತು. ಕಪ್ಪೆ ತಂಬಿಗೆಯಿಂದ ಹೊರಗೆ ಹಾರಿತು.

"ಕೊಟ್ಟೆ, ಕೊಟ್ಟೆ! ಕುಣಿಕೆ ಬಿಡು! ನೋಡಿಕೋ, ನಡುವೆ ಬಿಚ್ಚಿದರೆ ನಾನು ಹೊಣೆ ಅಲ್ಲ!"

ಬೊಮ್ಮಿ ಕುಣಿಕೆ ಬಿಟ್ಟಳು. ಕಪ್ಪೆ ಅದನ್ನು ತಂಬಿಗೆಯ ಕೊರಳಿಗೆ ಸಿಕ್ಕಿಸಿತು. ಬೊಮ್ಮಿ ಎಳೆದಳು. ತಂಬಿಗೆ ಅರ್ಧಕ್ಕೆ ಬಂತು. ಬಿಚ್ಚಲಿಲ್ಲ. ದಡಕ್ಕೆ ಬಂತು. ಬಿಚ್ಚಲಿಲ್ಲ. ಹಿತ್ತಾಳೆ ತಂಬಿಗೆ, ಅದರ ತುಂಬ ನೀರು.

ಬೊಮ್ಮಿ ತಂಬಿಗೆಯನ್ನು ಅಜ್ಜಿಯ ಮುಂದೆ ಇಟ್ಟಳು.

ಅಜ್ಜಿ ತಂಬಿಗೆಯನ್ನು ನೋಡಲಿಲ್ಲ. ಹಗ್ಗವನ್ನು ತೆಗೆದುಕೊಂಡಳು. ಎಳೆದು ನೋಡಿದಳು. ಗಿಡ್ಡ ಅನ್ನಲು ಬರಲಿಲ್ಲ. ಜುಂಗು ಅನ್ನಲು ಬರಲಿಲ್ಲ. ಒಣಕಲು ಅನ್ನಲು ಬರಲಿಲ್ಲ. ಉಬ್ಬು ಅನ್ನಲು ಬರಲಿಲ್ಲ. ಬಿಚ್ಚು ಅನ್ನಲು ಬರಲಿಲ್ಲ. ತಡವಿ ತಡವಿ ಕೊನೆಗೊಂದು ಸಿಕ್ಕಿತು.

"ತುದಿ ಸಡಿಲ" ಅಂದಳು.

"ಹೂಂ" ಅಂದಳು ಬೊಮ್ಮಿ. ತೊಡೆ ಒರೆಸಿಕೊಂಡು ಅಜ್ಜಿಯ ಪಕ್ಕ ಕೂತಳು. ಕೈ ಚಾಚಿದಳು. "ನಾರು ಕೊಡು."

ಅಜ್ಜಿ ಕೊಟ್ಟಳು.