ಒಂದು ಹಳೆಯ ಪಂಚೆ

ಮಾರ್ಗಶಿರ ಬಹುಳ ಬಿದಿಗೆ. ಮೋಡವಿಲ್ಲ, ಬೆಳಗಿನಿಂದ ತಣ್ಣನೆಯ ಗಾಳಿ.

ಮಠದ ಜಗಲಿಯಲ್ಲಿ ಶಿಷ್ಯ ಶಂಭುಲಿಂಗ ಗುರುಗಳನ್ನು ಕೇಳಿದ: "ಬುದ್ಧಿ, ಮನೆ ಬಿಡುವಾಗ ಅವ್ವ ಕೊಟ್ಟ ಹೊದಿಕೆ ಬಾಗಿಲ ಮೊಳೆಗೆ ಸಿಕ್ಕಿ ಹರಿಯಿತು. ಇನ್ನಷ್ಟು ಹರಿದೀತೆಂದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ರಾತ್ರಿ ಚಳಿಗೆ ನಿದ್ದೆ ಬರುವುದಿಲ್ಲ. ಇಷ್ಟದ ವಸ್ತು ಹಾಳಾಗದಂತೆ ಉಳಿಸಿಕೊಳ್ಳುವುದು ಹೇಗೆ?"

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಸವೆದದ್ದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಉಟ್ಟರೆ ಸವೆಯುತ್ತದೆಂದು ಹೊಸ ಬಟ್ಟೆಗಳನ್ನು ಪೆಟ್ಟಿಗೆಯಲ್ಲೇ ಇಡುತ್ತಿದ್ದ. ಉಟ್ಟದ್ದರ ಅಂಚಿನ ಎಳೆ ಬಿಚ್ಚಿದರೆ ಅಂದೇ ಅದು ಮನೆಯ ಹೊರಗೆ. ಒಮ್ಮೆ ಅವನ ಪಂಚೆಯ ಮೇಲೆ ಎಲೆಯಡಿಕೆಯ ರಸ ಬಿತ್ತು. ಒಗೆದರೂ ಕಲೆ ಹೋಗಲಿಲ್ಲ. ಪಕ್ಕದ ಮನೆಯ ಕುಂಬಾರನನ್ನು ಕರೆದು ಕೊಟ್ಟುಬಿಟ್ಟ.

ಕೆಲವು ವರ್ಷ ಕಳೆದವು. ವರ್ತಕನ ಮಗಳು ಹೆರಿಗೆಗೆ ಬಂದಳು. ತಿಂಗಳು ತುಂಬುವ ಮೊದಲೇ ಹೆತ್ತಳು. ಕೂಸು ಬಹಳ ಚಿಕ್ಕದು, ಮೈಯ ತೊಗಲು ಬಹಳ ತೆಳು.

ಸೂಲಗಿತ್ತಿ ಬಾಗಿಲಿಗೆ ಬಂದು, "ಶೆಟ್ಟರೆ, ಒಂದು ಹಳೇ ಪಂಚೆ ಕೊಡಿ" ಎಂದಳು.

ವರ್ತಕ ಜರಿಯಂಚಿನ ಪಂಚೆ ತಂದ.

"ಇದು ನಿಮ್ಮ ಅಳಿಯನಿಗಿರಲಿ. ನಾನು ಕೇಳಿದ್ದು ಕೂಸಿಗೆ."

ಅವನು ಇನ್ನೊಂದು ತಂದ. ಅದಕ್ಕೂ ಗಂಜಿ ಬಿಟ್ಟಿರಲಿಲ್ಲ. ಸುತ್ತಿದ ಕಡೆಯೆಲ್ಲ ಕೂಸಿನ ಮೈ ಕೆಂಪಾಯಿತು. ಬಿಸಿನೀರಿನಲ್ಲಿ ಒಗೆಸಿ ತಂದ. ಒಂದು ಒಗೆತಕ್ಕೆ ಮೆತ್ತಗಾಗುವ ಬಟ್ಟೆ ಅದಲ್ಲ. ಕೂಸು ಅತ್ತು ಅತ್ತು ಸೋತಿತು, ಮೊಲೆ ಹಿಡಿಯಲಿಲ್ಲ. ಮನೆಯವರು ಇದ್ದ ಪೆಟ್ಟಿಗೆಗಳನ್ನೆಲ್ಲ ತೆರೆದರು. ಸವೆದ ಬಟ್ಟೆ ಒಂದೂ ಇರಲಿಲ್ಲ.

ವರ್ತಕ ಕುಂಬಾರನ ಮನೆಗೆ ಓಡಿದ. ಹಿತ್ತಲಿನ ಹಗ್ಗದ ಮೇಲೆ ಒಂದು ಪಂಚೆ ಒಣಗಿತ್ತು. ಉಟ್ಟು ಒಗೆದು, ಒಗೆದು ಉಟ್ಟು, ಮೆತ್ತಗಾಗಿತ್ತು. ಮೂಲೆಯಲ್ಲಿ ಎಲೆಯಡಿಕೆಯ ಕಲೆ ಮಾಸಿ ಉಳಿದಿತ್ತು.

ಕುಂಬಾರ ಅದನ್ನು ಮಡಿಸಿ ಕೈಗಿತ್ತ. "ಕಲೆ ಇದೆ ಶೆಟ್ಟರೆ. ಆದೀತೆ?"

ವರ್ತಕ ಹೂಂಗುಟ್ಟಿದ. ಪಂಚೆಯನ್ನು ಎದೆಗೊತ್ತಿಕೊಂಡು ಮನೆಗೆ ಬಂದ.

ಅದರಲ್ಲಿ ಸುತ್ತಿದ ಮೇಲೆ ಕೂಸಿನ ಅಳು ನಿಂತಿತು. ಸ್ವಲ್ಪ ಹೊತ್ತಿಗೆ ಮೊಲೆ ಹಿಡಿಯಿತು. ಆಮೇಲೆ ನಿದ್ದೆ ಹೋಯಿತು. ಬಾಗಿಲ ಹೊರಗೆ ನಿಂತಿದ್ದ ವರ್ತಕ ಗೋಡೆಗೊರಗಿ ನೆಲದ ಮೇಲೆ ಕುಳಿತುಬಿಟ್ಟ.

ಗುರುಗಳು ನಿಲ್ಲಿಸಿದರು. ಶಂಭುಲಿಂಗ ಕೇಳಿದ:

"ಕುಂಬಾರನಿಗೆ ಅವನು ಏನು ಕೊಟ್ಟ, ಬುದ್ಧಿ?"

"ಎರಡು ಹೊಸ ಪಂಚೆ ಕೊಟ್ಟ, ಒಂದು ಆ ಬಟ್ಟೆಗೆ, ಇನ್ನೊಂದು ಅದನ್ನು ಸವೆಸಿದ್ದಕ್ಕೆ."