ಅಮ್ಮಣ್ಣಿಯ ತೋಳಿನ ಗುಂಡಿ

“ಕೇಳಿರಪ್ಪಾ ಕೇಳಿ. ರಾಜಕುಮಾರಿ ದೇವಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನೇ ಅರಮನೆಯ ಅಳಿಯ. ತಪ್ಪು ಹೇಳಿದವನಿಗೆ ಶಿರಚ್ಛೇದ.” ಹೊಂಬಾಳೆಪುರದಲ್ಲಿ ಹೀಗೆ ಡಂಗುರ ಸಾರಿದರು.

ಅಮ್ಮಣ್ಣಿಗೆ ಎಂಟನೇ ವಯಸ್ಸಿಗೇ ಸಕ್ಕರೆ ಕಾಯಿಲೆ. ಇನ್ಸುಲಿನ್ ಇಲ್ಲದೆ ದಿನ ಸಾಗದು. ಎಡತೋಳಿನ ಮೇಲೊಂದು ಗುಂಡಿ. ಅದರ ಕೂದಲೆಳೆಯಂಥ ತಂತಿ ಚರ್ಮದಡಿಯ ನೀರಿನಲ್ಲಿ ಕೂತು, ಸಕ್ಕರೆ ಎಷ್ಟೆಂದು ಐದೈದು ನಿಮಿಷಕ್ಕೆ ಮೊಬೈಲಿಗೆ ಹೇಳುತ್ತಿತ್ತು. ರಾಜರ ಕಾಲದಲ್ಲಿ ಮೊಬೈಲೇ ಅಂತ ಮೂಗು ಮುರಿಯಬೇಡಿ, ನನ್ನ ಕತೆ, ನನ್ನಿಷ್ಟ. ಆ ಮೊಬೈಲು ರಾಜರ ಕೈಯಲ್ಲಿ. ಸಂಖ್ಯೆ ಇಳಿದರೆ ಮಗಳ ಬಾಯಿಗೆ ಲಾಡು ತುರುಕುವರು, ಏರಿದರೆ ಕಣ್ಣೀರಿಡುವರು. ಹನ್ನೊಂದು ವರ್ಷದಿಂದ ಅವಳನ್ನು ಕೋಟೆ ಬಾಗಿಲು ದಾಟಲು ಬಿಟ್ಟಿರಲಿಲ್ಲ. “ಮೊಬೈಲಿನಲ್ಲಿ ಸಕ್ಕರೆ ಏರಿಳಿಯೋ ಈ ಗೆರೆ ಓದಬಲ್ಲವನು ಸಿಕ್ಕಿದರೆ ಬಿಡ್ತೀನಿ” ಅಂದಿದ್ದರು. ಅದಕ್ಕೇ ಒಗಟು. ಶಿರಚ್ಛೇದ ಮಾತ್ರ ರಾಜರ ಸ್ವಂತ ಸೇರ್ಪಡೆ.

ಸಭೆಗೆ ಮೂವರು ಬಂದರು. ಪಾಳೇಗಾರರ ಮಗ, ಮಂತ್ರಿಯ ಮಗ, ಮತ್ತೆ ಕೆರೆಯ ನೀರನ್ನು ಗದ್ದೆಗೆ ಬಿಡುವ ನೀರುಗಂಟಿ ಪಾಪಣ್ಣ. ತೂಬಿಗೆ ಹೊಸ ಹಲಗೆ ಕೇಳಲು ಬಂದವನು ಪಾಪ, ಸಾಲು ತಪ್ಪಿ ನಿಂತಿದ್ದ.

“ಬೆಳಿಗ್ಗೆ ನನ್ನ ಸಕ್ಕರೆ ನೂರು, ಸಂಜೆಯೂ ನೂರು. ಬೆಳಿಗ್ಗೆ ಬೆಲ್ಲ ತಿಂದೆ, ಸಂಜೆ ಸುಮ್ಮನೆ ಪಗಡೆ ಆಡಿದೆ. ಯಾಕೆ?” ಅಂದಳು ಅಮ್ಮಣ್ಣಿ.

“ಬೆಳಿಗ್ಗೆ ಹಸಿವಾಗಿತ್ತು” ಎಂದ ಪಾಳೇಗಾರರ ಮಗ ಶಿರಚ್ಛೇದಕ್ಕೆ ಕಾಯಲು ನೇರ ಸೆರೆಮನೆಗೆ ಹೋದ.

ಪಾಪಣ್ಣ ತಲೆ ಕೆರೆದುಕೊಂಡ. “ಕೆರೆಯಲ್ಲಿ ಹತ್ತಡಿ ನೀರು ಅಂದ್ರೆ ಏನೂ ಹೇಳಿದಂಗಾಗಲ್ಲ ಅಮ್ಮಣ್ಣಿ. ಏರ್ತಾ ಇರೋ ಹತ್ತೋ, ಇಳೀತಾ ಇರೋ ಹತ್ತೋ, ಅದನ್ನ ನೋಡ್ಬೇಕು. ಬೆಳಿಗ್ಗೆ ಇಳೀತಿತ್ತು, ಸಂಜೆ ನಿಂತಿತ್ತು.”

“ಸರಿ. ಸಂಖ್ಯೆಯ ಪಕ್ಕದ ಬಾಣ ಹೇಳೋದೂ ಅದನ್ನೇ. ಈಗ ಎರಡನೆಯದು. ಊಟವಾದ ಮೇಲೆ ಬೆರಳು ಚುಚ್ಚಿ ನೋಡಿದ ರಕ್ತ ನೂರ ಎಂಬತ್ತು ಅಂತು, ಚರ್ಮದಡಿಯ ನೀರಲ್ಲಿ ತಂತಿ ಇಟ್ಟಿರೋ ಈ ಗುಂಡಿ ನೂರೈವತ್ತು ಅಂತು. ಎರಡೂ ಸುಳ್ಳಲ್ಲ. ಹೇಗೆ?”

“ಗುಂಡಿ ಕೆಟ್ಟಿದೆ” ಎಂದ ಮಂತ್ರಿಯ ಮಗನೂ ಸೆರೆಮನೆ ಸೇರಿದ.

“ತೂಬು ಎತ್ತಿದ ತಕ್ಷಣ ಕೊನೇ ಗದ್ದೆಗೆ ನೀರು ಮುಟ್ಟುತ್ತಾ? ಸಕ್ಕರೆ ಮೊದಲು ರಕ್ತಕ್ಕೆ ಬರುತ್ತೆ, ಆಮೇಲೆ ಆ ತಂತಿ ಕೂತಿರೋ ನೀರಿಗೆ. ಗುಂಡಿ ಸ್ವಲ್ಪ ಹೊತ್ತು ಹಿಂದಿರುತ್ತೆ, ಅಷ್ಟೆ” ಅಂದ ಪಾಪಣ್ಣ.

ಅಮ್ಮಣ್ಣಿಯ ಮುಖ ಅರಳಿತು. ತನ್ನನ್ನು ಅರ್ಥ ಮಾಡಿಕೊಂಡು ಮಾತಾಡುವವರನ್ನು ಅವಳು ಕಂಡೇ ಇರಲಿಲ್ಲ. “ಕೊನೆಯದು. ಮಧ್ಯಾಹ್ನ ಮಲಗಿದಾಗ ಗೆರೆ ಇದ್ದಕ್ಕಿದ್ದಂತೆ ಪಾತಾಳಕ್ಕೆ ಬೀಳುತ್ತೆ. ಬೆವರಿಲ್ಲ, ನಡುಕವಿಲ್ಲ. ಎದ್ದರೆ ತಾನೇ ಮೇಲೆ ಬರುತ್ತೆ. ಸಕ್ಕರೆ ಕದ್ದವರು ಯಾರು?”

ಪಾಪಣ್ಣ ಬಾಗಿಲ ಕಡೆ ತಿರುಗಿ ನೋಡಿದ. ಮನೆಯಲ್ಲಿ ಅವ್ವ ಮುದ್ದೆ ತಿರುವಿ ಕಾಯುತ್ತಿರುತ್ತಾಳೆ, ಇಲ್ಲಿ ನೋಡಿದರೆ ಕತ್ತಿ. ಸುಮ್ಮನೆ ಹಲಗೆ ಕೇಳಿ ಹೋಗಿದ್ದರೆ ಆಗುತ್ತಿತ್ತು ಅನ್ನಿಸಿತು. ಕೊನೆಗೆ ಕೇಳಿದ, “ಯಾವ ಮಗ್ಗುಲಿಗೆ ಮಲಗ್ತೀರಿ?”

“ಎಡಕ್ಕೆ.”

“ಹಂಗಾದ್ರೆ ಕಳ್ಳತನವೇ ಆಗಿಲ್ಲ. ಕಾಲುವೆಗೆ ಎಮ್ಮೆ ಅಡ್ಡ ಮಲಗಿದ್ರೆ ಕೆರೆ ತುಂಬಿದ್ರೂ ಮುಂದಕ್ಕೆ ನೀರು ಹೋಗಲ್ಲ. ನಿಮ್ಮ ಭಾರ ಗುಂಡಿ ಮೇಲೆ ಬೀಳ್ತಿದೆ.” ಎಮ್ಮೆ ಅಂದುಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡ.

ಅಮ್ಮಣ್ಣಿ ನಗುತ್ತಾ ಅಲ್ಲೇ ದಿಂಬಿನ ಮೇಲೆ ಎಡಕ್ಕೆ ಒರಗಿದಳು. ಇಪ್ಪತ್ತು ನಿಮಿಷಕ್ಕೆ ಮೊಬೈಲು ಕಿರುಚಿತು, ಅರವತ್ತು. ರಾಜರು ಲಾಡು ಹಿಡಿದು ಓಡಿದರು.

“ಬುದ್ಧೀ, ಮೊದಲು ಬೆರಳು ಚುಚ್ಚಿ ನೋಡಿ. ಅದೂ ಕಮ್ಮಿ ಇದ್ರೆ ತಡ ಮಾಡಬೇಡಿ, ಸಿಹಿ ಕೊಡಿ” ಎಂದು ಪಾಪಣ್ಣ ತಡೆದ.

ಬೆರಳು ನೂರ ಹತ್ತು ತೋರಿಸಿತು. ಮಗಳು ಎದ್ದು ಕೂತಳು, ಗೆರೆಯೂ ಮೆಲ್ಲಗೆ ಮೇಲೆದ್ದಿತು. ಇಷ್ಟು ವರ್ಷ ನಿದ್ದೆಗಣ್ಣಲ್ಲಿ ತಿನ್ನಿಸಿದ ಲಾಡುಗಳನ್ನು ನೆನೆದು ರಾಜರಿಗೆ ನಾಚಿಕೆಯಾಯಿತು. “ಏನು ಬೇಕೋ ಕೇಳಪ್ಪ” ಅಂದರು.

“ಒಳಗಿರೋ ಇಬ್ಬರನ್ನ ಮನೆಗೆ ಕಳಿಸಿ ಬುದ್ಧಿ. ಗೊತ್ತಿಲ್ಲದೆ ಇರೋದು ತಪ್ಪಾ?”

ಅವರನ್ನು ಬಿಟ್ಟರು. ಹಲಗೆಯೂ ಸಿಕ್ಕಿತು. “ಮದುವೆ ಮಾತು ಆಮೇಲೆ, ನಾನು ಮೊದಲು ಕೆರೆ ನೋಡಬೇಕು” ಎಂದು ಅಮ್ಮಣ್ಣಿ ಕೈ ಚಾಚಿದಳು.

ರಾಜರು ಮೊಬೈಲು ಕೊಟ್ಟರು. “ನಂಗೆ ಭಯ ಆಗುತ್ತೆ ಮಗಳೇ.”

“ನಂಗೂ ಆಗುತ್ತೆ ಅಪ್ಪಾಜಿ. ಹೋಗಿ ಬರ್ತೀನಿ.”

ಕೆರೆ ಏರಿಯ ಅರ್ಧ ದಾರಿಯಲ್ಲಿ ಬಾಣ ಕೆಳಗೆ ತಿರುಗಿತು. ಜೊತೆಗೆ ಬಂದಿದ್ದ ಪಾಪಣ್ಣ ಬಾಯಿ ತೆರೆಯುವ ಮೊದಲೇ ಅವಳು ಸೊಂಟದ ಚೀಲದಿಂದ ಬೆಲ್ಲ ತೆಗೆದು ತಿಂದು, ಕಲ್ಲಿನ ಮೇಲೆ ಕೂತಳು. ಬಾಣ ಅಡ್ಡಕ್ಕೆ ತಿರುಗಿ ನಿಂತ ಮೇಲೆ ಎದ್ದು, ಮುಂದೆ ನಡೆದಳು.