ಬಲಗಡೆ ಬಿದ್ದ ಹೂ

೧೯೬೪ರ ಮಾರ್ಚ್ ೯ರ ನನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದೇನೆ.

ನಮ್ಮೂರ ದೇವಸ್ಥಾನಕ್ಕೆ ಹೂ ಕಟ್ಟುವವನೊಬ್ಬನಿದ್ದ. ಅವನ ಕೇರಿಯವರೆಲ್ಲ ನೀರು ಸೇದುತ್ತಿದ್ದ ಬಾವಿಯ ಮೇಲೆ ಧರ್ಮದರ್ಶಿ ಪಂಚಾಕ್ಷರಯ್ಯನವರ ಕಣ್ಣು ಬಿತ್ತು. ಅದು ದೇವಸ್ಥಾನದ್ದೆಂದು ದಾವೆ ಹೂಡಿದರು. ವಿಚಾರಣೆಯ ಹಿಂದಿನ ದಿನ ಹೂ ಕಟ್ಟುವವನನ್ನು ಕರೆಸಿ ಹೇಳಿದರು:

“ಬಾವಿ ತೋಡಿಸಿದ್ದು ದೇವಸ್ಥಾನ ಅಂತ ನಾಳೆ ಸಾಕ್ಷಿ ಹೇಳು.”

“ಅದು ಸುಳ್ಳಲ್ವಾ, ಬುದ್ದಿ?”

“ದೇವರಿಗೋಸ್ಕರ ಹೇಳೋ ಸುಳ್ಳು ಪಾಪ ಅಲ್ಲ ಕಣೋ.”

ಇಲ್ಲವೆಂದರೆ ಕೆಲಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. “ಹಾಗಾದ್ರೆ ದೇವರನ್ನೇ ಕೇಳೋಣ. ಬಲಗಡೆ ಹೂ ಬಿದ್ರೆ ಹೇಳ್ತೀನಿ” ಎಂದ.

ಸಂಜೆ ಮಂಗಳಾರತಿ ಮುಗಿಯುವ ಮೊದಲೇ ದೇವರ ಬಲಭುಜದಿಂದ ಹೂ ಬಿತ್ತು. ನೆರೆದವರೆಲ್ಲ ಕೈಮುಗಿದರು. ಧರ್ಮದರ್ಶಿಗಳು ಕೆನ್ನೆ ಬಡಿದುಕೊಂಡು, “ನೋಡಿದೆಯಾ, ಅಪ್ಪಣೆ ಆಯ್ತು!” ಎಂದರು.

ಅವನು ಎಲ್ಲರಿಗೂ ಕೇಳುವಂತೆ ಹೇಳಿದ: “ಹಾರ ಕಟ್ಟುವಾಗ ಆ ಹೂವನ್ನ ಸಡಿಲವಾಗಿ ಸಿಕ್ಕಿಸಿದ್ದು ನಾನೇ, ಬುದ್ದಿ. ದೇವರಿಗೋಸ್ಕರ ಆದ್ರೆ ಪಾಪ ಇಲ್ಲ ಅಂದ್ರಲ್ಲ, ಇವತ್ತೇ ಒಂದು ಸುಳ್ಳು ಆಡಿ ನೋಡಿದೆ.”

“ದೇವರ ಮುಂದೆ ಮೋಸವೇನೋ? ಮಹಾಪಾಪ ಕಣೋ!”

“ಹೌದಾ, ಬುದ್ದಿ? ಹಾಗಾದ್ರೆ ನಾಳೆದು ಬೇಡ ಬಿಡಿ.”

ಅಷ್ಟು ಜನ ಕೇಳಿಸಿಕೊಂಡ ಮೇಲೆ ಧರ್ಮದರ್ಶಿಗಳು ದಾವೆ ವಾಪಸು ತೆಗೆದುಕೊಂಡರು. ಬಾವಿ ಕೇರಿಗೇ ಉಳಿಯಿತು. ಅವನ ದೇವಸ್ಥಾನದ ಕೆಲಸ ಹೋಯಿತು. ಕೊನೆಯವರೆಗೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೊಳದ ಲೆಕ್ಕದಲ್ಲಿ ಮಲ್ಲಿಗೆ ಮಾರಿದ.